ಒಂದು ಕೆಲಸ, ಎರಡು ಯಂತ್ರ, ಒಂದೇ ಪ್ರತಿ

(ಸಂಘದ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಕಾವ್ಯವನ್ನು ಕುರಿತೋ ಇತಿಹಾಸವನ್ನು ಕುರಿತೋ ಭಾಷಣಗಳಾಗುವುದು ವಾಡಿಕೆ. ಇಂದು ನಾವು ಎತ್ತಿಕೊಂಡಿರುವುದು ಆಫೀಸಿನ ವಿಷಯ. ಡೇಟಾಬೇಸನ್ನು ನೋಡಿಕೊಳ್ಳುವ ಸ್ಕ್ರಿಪ್ಟುಗಳನ್ನು ಯೂನಿಕ್ಸ್ ಸರ್ವರುಗಳೂ ವಿಂಡೋಸ್ ಉಪಕರಣಗಳೂ ಹೇಗೆ ಹಂಚಿಕೊಳ್ಳಬೇಕು ಎಂಬುದೇ ಆ ವಿಷಯ. ಹೆಸರು ಕೇಳಿದೊಡನೆ ಕೆಲವರ ಹುಬ್ಬು ಗಂಟಿಕ್ಕಬಹುದು. ಆದರೆ ಸ್ವಲ್ಪ ತಾಳ್ಮೆಯಿಂದ ಕೇಳಿದರೆ, ಲೆಕ್ಕ ಬರೆದವರಿಗೆ, ಟೈಪು ಹೊಡೆದವರಿಗೆ, ಉಗ್ರಾಣದ ರಿಜಿಸ್ಟರು ಇಟ್ಟವರಿಗೆ ಇದರಲ್ಲಿ ಹೊಸದೆನ್ನುವಂಥದು ಬಹಳ ಇಲ್ಲವೆಂಬುದು ತಿಳಿದೀತು.

ಊರು ಬಿಟ್ಟು ಹೊಟ್ಟೆಪಾಡಿಗಾಗಿ ಈ ನಗರಗಳಿಗೆ ಬಂದ ನಮ್ಮವರಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರುಂಟು. ಅಂಥವರ ಮನೆಯ ಮಕ್ಕಳು ಅನೇಕರು ಇಂದು ಕಂಪ್ಯೂಟರಿನ ಮುಂದೆ ರಾತ್ರಿಪಾಳಿ ಮಾಡುತ್ತಿದ್ದಾರೆ. ಅವರು ಕಾಯುವ ವಸ್ತುವಿಗೆ ಡೇಟಾಬೇಸು ಎಂದು ಹೆಸರು. ಅದು ಯಂತ್ರದೊಳಗಿನ ದೊಡ್ಡ ಲೆಡ್ಜರು. ನಮ್ಮ ಸಂಬಳದ ಲೆಕ್ಕ, ಪ್ರಾವಿಡೆಂಟ್ ಫಂಡು, ಬ್ಯಾಂಕಿನ ಪಾಸ್‌ಬುಕ್ಕು, ಊರಿಗೆ ಹೋಗಲು ಕಾದಿರಿಸಿದ ರೈಲು ಟಿಕೆಟು, ಎಲ್ಲವೂ ಇಂಥ ಒಂದಲ್ಲ ಒಂದು ಲೆಡ್ಜರಿನಲ್ಲಿಯೇ ಇವೆ. ಅದನ್ನು ಕಾಯುವವರಿಗೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಚಿಕ್ಕದಾಗಿ ಡಿಬಿಎ ಎನ್ನುತ್ತಾರೆ.

ಈ ಕಾವಲುಗಾರರ ಕೆಲಸದಲ್ಲಿ ದಿನವೂ ಮಾಡಬೇಕಾದವು ಹಲವು. ಲೆಡ್ಜರಿನಲ್ಲಿ ಎಷ್ಟು ಜಾಗ ಉಳಿದಿದೆ? ಒಬ್ಬರು ಬೀಗ ಹಾಕಿ ಕುಳಿತದ್ದರಿಂದ ಇನ್ನೊಬ್ಬರ ಕೆಲಸ ನಿಂತಿದೆಯೆ? ನಿನ್ನೆ ರಾತ್ರಿ ಬ್ಯಾಕಪ್ಪು, ಎಂದರೆ ಇಡೀ ಲೆಡ್ಜರಿನ ಕಾಪುಪ್ರತಿ, ತೆಗೆದಾಯಿತೆ? ಇವನ್ನು ದಿನವೂ ಕೈಯಿಂದ ಬರೆಯುತ್ತ ಕುಳಿತರೆ ಬೆಳಗಾಗುವುದೇ ಇಲ್ಲ. ಆದ್ದರಿಂದ ಆಜ್ಞೆಗಳನ್ನು ಒಮ್ಮೆ ಬರೆದು ಒಂದು ಫೈಲಿನಲ್ಲಿಡುತ್ತಾರೆ. ಬೇಕಾದಾಗ ಅದರ ಹೆಸರು ಹೇಳಿದರೆ ಯಂತ್ರವು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪಾಲಿಸುತ್ತದೆ. ಇದೇ ಸ್ಕ್ರಿಪ್ಟು. ಅನುಭವಸ್ಥರಾದ ಒಬ್ಬ ಡಿಬಿಎ ಬಳಿ ಇಂಥವು ನೂರಾರು ಇರುತ್ತವೆ. ಅಜ್ಜಿಯ ಕೈಯಲ್ಲಿ ಮನೆಮದ್ದಿನ ಡಬ್ಬಿ ಇದ್ದ ಹಾಗೆ.

ತೊಂದರೆ ಎಲ್ಲಿಂದ ಹುಟ್ಟುತ್ತದೆ? ಕೆಲಸ ಒಂದೇ ಆದರೂ ಅದು ನಡೆಯುವ ಮನೆಗಳು ಎರಡು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸನ್ನು ಕಟ್ಟತೊಡಗಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ರೀತಿನೀತಿಗಳೂ ಅದೇ ಮನೆತನದವು. ಇನ್ನೊಂದು ಕಡೆ ಮೈಕ್ರೋಸಾಫ್ಟಿನ ಡಾಸ್ ೧೯೮೧ರಲ್ಲಿಯೂ ವಿಂಡೋಸ್ ೧೯೮೫ರಲ್ಲಿಯೂ ಹೊರಬಂದವು. ಅನೇಕ ಆಫೀಸುಗಳಲ್ಲಿ ದೊಡ್ಡ ಲೆಡ್ಜರು ತಣ್ಣನೆಯ ಕೋಣೆಯೊಳಗಿನ ಯೂನಿಕ್ಸ್ ಅಥವಾ ಲಿನಕ್ಸ್ ಸರ್ವರಿನಲ್ಲಿ ಇರುತ್ತದೆ. ಅದನ್ನು ನೋಡಿಕೊಳ್ಳುವವರ ಮೇಜಿನ ಮೇಲೆ ಇರುವುದು ವಿಂಡೋಸ್. ಆರಕಲ್ ಡೇಟಾಬೇಸಾದರೆ ಸರ್ವರಿನಲ್ಲಿ ಎಸ್‌ಕ್ಯೂಎಲ್ ಪ್ಲಸ್ ಎಂಬ ಸರಳ ಉಪಕರಣ, ಮೇಜಿನ ಮೇಲೆ ಟೋಡ್ ಅಥವಾ ಎಸ್‌ಕ್ಯೂಎಲ್ ಡೆವಲಪರ್. ರಾತ್ರಿಯ ಕೆಲಸವನ್ನು ಸರ್ವರು ತಾನೇ ಮಾಡುತ್ತದೆ. ಹಗಲಿನ ವಿಚಾರಣೆಯನ್ನು ಮನುಷ್ಯರು ಮೇಜಿನಿಂದ ಮಾಡುತ್ತಾರೆ. ಎರಡಕ್ಕೂ ಬೇಕಾದ ಸ್ಕ್ರಿಪ್ಟು ಬಹುಪಾಲು ಒಂದೇ.

ಹೀಗಿರಲಾಗಿ, ಸುಲಭವೆಂದು ತೋರುವ ದಾರಿ ಯಾವುದು? ಸರ್ವರಿನಿಂದ ಒಂದು ಪ್ರತಿ ಮಾಡಿ ಮೇಜಿನ ಕಂಪ್ಯೂಟರಿಗೆ ತಂದುಕೊಳ್ಳುವುದು. ಅಲ್ಲಿಂದಲೇ ಕಷ್ಟದ ಬೀಜ ಮೊಳೆಯುತ್ತದೆ. ಸರ್ವರಿನ ಪ್ರತಿಯಲ್ಲಿ ಒಂದು ತಪ್ಪನ್ನು ತಿದ್ದುತ್ತಾರೆ, ಮೇಜಿನ ಪ್ರತಿಯಲ್ಲಿ ತಿದ್ದಲು ಮರೆಯುತ್ತಾರೆ. ಪಕ್ಕದ ಮೇಜಿನವರು ಆ ಹಳೆಯ ಪ್ರತಿಯನ್ನೇ ಪಡೆದು ತಮಗೆ ಬೇಕಾದಂತೆ ಬದಲಿಸಿಕೊಳ್ಳುತ್ತಾರೆ. ವರ್ಷ ಕಳೆಯುವುದರೊಳಗೆ ‘ಹೊಸದು’, ‘ಕೊನೆಯದು’, ‘ನಿಜವಾಗಿಯೂ ಕೊನೆಯದು’ ಎಂಬ ಹೆಸರಿನ ಫೈಲುಗಳು ಹುಟ್ಟಿಕೊಂಡು, ಯಾವುದು ಸರಿ ಎಂಬುದನ್ನು ಹೇಳಬಲ್ಲವರೇ ಇಲ್ಲವಾಗುತ್ತಾರೆ.

ಇದರಿಂದ ಏನು ಕೆಡುತ್ತದೆಂದು ಕೇಳಬಹುದು. ಒಂದು ನಿದರ್ಶನವನ್ನು ಊಹಿಸಿಕೊಳ್ಳೋಣ. ಹಳೆಯ ದಾಖಲೆಗಳನ್ನು ಅಳಿಸಿ ಜಾಗ ಬಿಡಿಸುವ ಒಂದು ಸ್ಕ್ರಿಪ್ಟಿದೆ; ಅದರಲ್ಲಿ ತೊಂಬತ್ತು ದಿನಗಳಿಗಿಂತ ಹಳೆಯದನ್ನು ಅಳಿಸು ಎಂದಿದೆ. ಲೆಕ್ಕಪರಿಶೋಧಕರು ಬಂದು ಒಂದು ವರ್ಷದ ದಾಖಲೆ ಇರಲೇಬೇಕು ಎಂದರು. ಸರ್ವರಿನ ಪ್ರತಿಯಲ್ಲಿ ೯೦ ಹೋಗಿ ೩೬೫ ಆಯಿತು. ಆರು ತಿಂಗಳ ಬಳಿಕ ಜಾಗ ಸಾಲದೆ ಬಂದ ಒಂದು ದಿನ, ಪಾಳಿಯಲ್ಲಿದ್ದ ಹೊಸ ಹುಡುಗ ತನ್ನ ಮೇಜಿನ ಪ್ರತಿಯನ್ನು ನಡೆಸಿದ. ಅದರಲ್ಲಿ ಇನ್ನೂ ೯೦ ಎಂದೇ ಇತ್ತು. ಉಳಿಸಬೇಕಾದ ದಾಖಲೆಗಳು ಒಂದು ನಿಮಿಷದಲ್ಲಿ ಹೋದವು. ಹುಡುಗ ಆಜ್ಞೆ ಮೀರಲಿಲ್ಲ, ಸ್ಕ್ರಿಪ್ಟು ಕೆಟ್ಟಿರಲಿಲ್ಲ. ಪ್ರತಿ ಎರಡಾಗಿತ್ತು, ಅಷ್ಟೆ. ಆದರೆ ಮರುದಿನ ವಿವರಣೆ ಬರೆದುಕೊಡಬೇಕಾದವನು ಆ ಹುಡುಗನೇ.

ಇದು ಊಹೆಯ ಮಾತಾಯಿತು. ನಡೆದ ಸಂಗತಿಯೊಂದನ್ನೂ ಹೇಳುತ್ತೇವೆ. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಇಂಜಿನಿಯರರೊಬ್ಬರು ಬದಲಿ ಸರ್ವರಿನ ದತ್ತಾಂಶವನ್ನು ಅಳಿಸುತ್ತಿದ್ದೇವೆಂದು ತಿಳಿದು ಮುಖ್ಯ ಸರ್ವರಿನದನ್ನೇ ಅಳಿಸಿಬಿಟ್ಟರು. ಹೋಗಲಿ, ಕಾಪುಪ್ರತಿ ಇದೆಯಲ್ಲ ಎಂದು ಹುಡುಕಿದರೆ, ಅದನ್ನಿಡಬೇಕಾದ ಜಾಗ ಬರಿದು. ಕಾರಣವೇನೆಂದರೆ, ಡೇಟಾಬೇಸು ಪೋಸ್ಟ್‌ಗ್ರೆಸ್ಸಿನ ೯.೬ನೆಯ ಆವೃತ್ತಿಯದು, ಕಾಪುಪ್ರತಿಯ ಕೆಲಸ ನಡೆಯುತ್ತಿದ್ದ ಯಂತ್ರವು ಅದಕ್ಕೆ ೯.೨ನೆಯ ಆವೃತ್ತಿಯ ಉಪಕರಣವನ್ನು ಬಳಸುತ್ತಿತ್ತು. ಆವೃತ್ತಿ ಹೊಂದದೆ ಕೆಲಸ ಪ್ರತಿಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಅಂಚೆಯೂ ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆಯ ಹಿಂದೆ ತೆಗೆದಿದ್ದ ಒಂದು ಪ್ರತಿ ದೈವವಶಾತ್ ಉಳಿದಿತ್ತಾಗಿ, ಆರು ಗಂಟೆಯ ಕೆಲಸವಷ್ಟೇ ಹೋಯಿತು. ಆ ಸಂಸ್ಥೆ ಇದನ್ನು ಮುಚ್ಚಿಡದೆ ತಾನೇ ಪ್ರಕಟಿಸಿತು. ಅದಕ್ಕಾಗಿ ಅದನ್ನು ಮೆಚ್ಚಬೇಕು. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟ. ಆಜ್ಞೆ ಸರಿಯಿದ್ದರೆ ಸಾಲದು, ಅದು ನಿಂತ ನೆಲವೂ ಸರಿಯಿರಬೇಕು. ನೆಲ ಬದಲಾದಾಗ ಸ್ಕ್ರಿಪ್ಟು ಕೂಗಿ ಹೇಳುವುದಿಲ್ಲ, ಸುಮ್ಮನೆ ಸೋಲುತ್ತದೆ.

ಹಾಗಾದರೆ ಈ ಎರಡು ಮನೆಗಳ ನೆಲದಲ್ಲಿ ಇರುವ ವ್ಯತ್ಯಾಸಗಳಾವುವು? ಮುಖ್ಯವಾದ ನಾಲ್ಕನ್ನು ಹೇಳಿದರೆ ಸಾಕು.

ಮೊದಲನೆಯದು ಸಾಲಿನ ಕೊನೆ. ಟೈಪ್‌ರೈಟರಿನ ಮುಂದೆ ಕುಳಿತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಾಲು ಮುಗಿದಾಗ ಎಡಗೈಯಿಂದ ಹಿಡಿಕೆಯನ್ನು ತಳ್ಳಿದರೆ ಎರಡು ಕೆಲಸಗಳಾಗುತ್ತಿದ್ದವು: ಗಾಡಿ ಮೊದಲ ಜಾಗಕ್ಕೆ ಹಿಂದಿರುಗುತ್ತಿತ್ತು, ಕಾಗದ ಒಂದು ಸಾಲು ಮೇಲೇರುತ್ತಿತ್ತು. ತಂತಿಯ ಮೂಲಕ ನಡೆಯುವ ಟೆಲಿಪ್ರಿಂಟರು ಬಂದಾಗ ಈ ಎರಡು ಕೆಲಸಗಳಿಗೆ ಎರಡು ಬೇರೆ ಸಂಕೇತಗಳನ್ನಿಟ್ಟರು. ಗಾಡಿ ಹಿಂದಿರುಗಲಿ ಎಂಬುದು ೧೩ನೆಯ ಸಂಕೇತ, ಕಾಗದ ಮೇಲೇರಲಿ ಎಂಬುದು ೧೦ನೆಯದು. ಯೂನಿಕ್ಸನ್ನು ಕಟ್ಟಿದವರು, ಫೈಲಿನಲ್ಲಿ ಒಂದೇ ಸಂಕೇತ ಸಾಕು ಎಂದು ೧೦ನ್ನು ಮಾತ್ರ ಇಟ್ಟುಕೊಂಡರು. ಡಾಸ್ ತನ್ನ ಹಿಂದಿನ ಸಿಪಿ/ಎಂ ವ್ಯವಸ್ಥೆಯ ಪದ್ಧತಿಯಂತೆ ಎರಡನ್ನೂ ಉಳಿಸಿಕೊಂಡಿತು. ವಿಂಡೋಸಿಗೆ ಅದೇ ಬಳುವಳಿಯಾಗಿ ಬಂತು.

ಕಣ್ಣಿಗೆ ಕಾಣದ ಈ ಒಂದು ಸಂಕೇತ ಮಾಡುವ ಚೇಷ್ಟೆ ಅಷ್ಟಿಷ್ಟಲ್ಲ. ವಿಂಡೋಸಿನಲ್ಲಿ ತಿದ್ದಿದ ಸ್ಕ್ರಿಪ್ಟು ಯೂನಿಕ್ಸಿಗೆ ಹೋದಾಗ ಪ್ರತಿ ಸಾಲಿನ ಬಾಲದಲ್ಲಿ ಆ ೧೩ನೆಯ ಸಂಕೇತ ಅಂಟಿಕೊಂಡೇ ಇರುತ್ತದೆ. ಮೊದಲ ಸಾಲಿನಲ್ಲಿ ‘ಈ ಆಜ್ಞೆಗಳನ್ನು ಇಂಥ ಶೆಲ್ಲು ಓದಲಿ’ ಎಂದು ಬರೆದಿದ್ದರೆ, ಯೂನಿಕ್ಸು ಬಾಲವನ್ನೂ ಹೆಸರಿನ ಭಾಗವೆಂದು ಎಣಿಸಿ, ಅಂಥ ಶೆಲ್ಲೇ ಇಲ್ಲ ಎನ್ನುತ್ತದೆ. ನೋಡಿದರೆ ಹೆಸರು ಕಣ್ಣೆದುರಿಗೇ ಸರಿಯಾಗಿದೆ! ಡೇಟಾಬೇಸುಗಳ ಹೆಸರಿನ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು ಓದಿಸಿದರೂ ಇದೇ ಗತಿ. ಪ್ರತಿ ಹೆಸರಿಗೂ ಬಾಲ ಸೇರಿ ಯಾವ ಬಾಗಿಲೂ ತೆರೆಯುವುದಿಲ್ಲ. ಈ ಕಡೆ ವಿಂಡೋಸಿನ ನೋಟ್‌ಪ್ಯಾಡು ಯೂನಿಕ್ಸಿನ ಫೈಲನ್ನು ತೆರೆದಾಗ ಇಡೀ ಬರಹವನ್ನು ಒಂದೇ ಉದ್ದ ಸಾಲಾಗಿ ತೋರಿಸುತ್ತಿತ್ತು. ೨೦೧೮ರಲ್ಲಿ ಮಾತ್ರ ಆ ದೋಷ ಸರಿಹೋಯಿತು. ಮದ್ದು ಸುಲಭ. ಎರಡೂ ಕಡೆಯವರು ಯೂನಿಕ್ಸಿನ ಸಾಲುಕೊನೆಯನ್ನೇ ಬಳಸುವುದೆಂದು ಒಪ್ಪಿಕೊಂಡು, ವಿಂಡೋಸಿನ ಸಂಪಾದಕ ಉಪಕರಣದಲ್ಲಿ ಹಾಗೆಯೇ ಗೊತ್ತುಮಾಡಿಡಬೇಕು. ಈಗಾಗಲೇ ಕೆಟ್ಟಿದ್ದರೆ ‘ಡಾಸ್ ಟು ಯೂನಿಕ್ಸ್’ ಎಂಬ ಸಣ್ಣ ಉಪಕರಣ ಬಾಲಗಳನ್ನೆಲ್ಲ ಕತ್ತರಿಸುತ್ತದೆ.

ಎರಡನೆಯದು ವಿಳಾಸದ ರೀತಿ. ಫೋಲ್ಡರಿನೊಳಗಿನ ಫೋಲ್ಡರನ್ನು ಸೂಚಿಸಲು ಯೂನಿಕ್ಸು / ಎಂಬ ಗೆರೆಯನ್ನು ಬಳಸಿದರೆ ವಿಂಡೋಸು \ ಎಂಬ ಗೆರೆಯನ್ನು ಬಳಸುತ್ತದೆ. ೧೯೮೩ರಲ್ಲಿ ಡಾಸಿಗೆ ಫೋಲ್ಡರುಗಳು ಬಂದಾಗ ಮೊದಲ ಗೆರೆ ಬೇರೆ ಕೆಲಸದಲ್ಲಿ ತೊಡಗಿದ್ದುದರಿಂದ ಎರಡನೆಯದನ್ನು ಆರಿಸಿದರು. ಸ್ಕ್ರಿಪ್ಟುಗಳನ್ನು ಎಲ್ಲಿ ಹುಡುಕಬೇಕೆಂದು ಎಸ್‌ಕ್ಯೂಎಲ್ ಪ್ಲಸ್ಸಿಗೆ ತಿಳಿಸುವ ವಿಳಾಸಪಟ್ಟಿಯಲ್ಲಿಯೂ ಇದೇ ಬಗೆಯ ಭೇದ: ಯೂನಿಕ್ಸಿನಲ್ಲಿ ಎರಡು ವಿಳಾಸಗಳ ನಡುವೆ ಎರಡು ಚುಕ್ಕೆಯ ಗುರುತು (:), ವಿಂಡೋಸಿನಲ್ಲಿ ಚುಕ್ಕೆಯ ಕೆಳಗೆ ಬಾಲವಿರುವ ಗುರುತು (;). ಅಕ್ಷರಗಳ ದೊಡ್ಡದು ಚಿಕ್ಕದು ಎಂಬ ಭೇದವೂ ಉಂಟು. ಇಂಗ್ಲಿಷಿನ ದೊಡ್ಡಕ್ಷರದಿಂದ ಆರಂಭವಾಗುವ ಹೆಸರೂ ಚಿಕ್ಕಕ್ಷರದ ಅದೇ ಹೆಸರೂ ಯೂನಿಕ್ಸಿಗೆ ಎರಡು ಬೇರೆ ಫೈಲುಗಳು. ವಿಂಡೋಸಿಗೆ ಸಾಮಾನ್ಯವಾಗಿ ಒಂದೇ. ಆದ್ದರಿಂದ ಹೆಸರುಗಳನ್ನೆಲ್ಲ ಚಿಕ್ಕಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯುವುದು ಕ್ಷೇಮ. ಸ್ಕ್ರಿಪ್ಟಿನೊಳಗೆ ಪೂರ್ತಿ ವಿಳಾಸ ಬರೆಯದಿರುವುದು ಇನ್ನೂ ಕ್ಷೇಮ. ಒಂದು ಸ್ಕ್ರಿಪ್ಟು ಇನ್ನೊಂದನ್ನು ಕರೆಯುವಾಗ ಎಸ್‌ಕ್ಯೂಎಲ್ ಪ್ಲಸ್ಸಿನಲ್ಲಿ @@ ಎಂಬ ಗುರುತನ್ನು ಬಳಸಿದರೆ, ತಾನಿರುವ ಫೋಲ್ಡರಿನಲ್ಲಿಯೇ ಅದನ್ನು ಹುಡುಕುತ್ತದೆ; ಆ ಫೋಲ್ಡರು ಯಾವ ಮನೆಯಲ್ಲಿದೆ ಎಂಬ ಚಿಂತೆ ಇಲ್ಲ.

ಮೂರನೆಯದು ಅಕ್ಷರಗಳ ಸಂಕೇತಪಟ್ಟಿ. ಇದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಿಂದಲೇ ಕನ್ನಡದ ಅಕ್ಷರಗಳಿಗೆ ಅದರಲ್ಲಿ ಸ್ಥಾನ ದೊರೆತಿದೆ. ಯುಟಿಎಫ್-೮ ಎಂಬ ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾದರೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಬಾಯಲ್ಲಿ ಮೂರು ಅಕ್ಷರ, ಒತ್ತಿನಿಂದಾಗಿ ಯಂತ್ರದಲ್ಲಿ ಐದು ಸಂಕೇತ, ಹದಿನೈದು ಬೈಟು. ಆರಕಲ್ ಡೇಟಾಬೇಸಿನಲ್ಲಿ ಹೆಸರಿಗೆಂದು ಮೂವತ್ತರ ಜಾಗ ಇಟ್ಟರೆ, ಬೇರೆ ಏನೂ ಹೇಳದಿದ್ದಲ್ಲಿ ಅದು ಮೂವತ್ತು ಬೈಟು, ಎಂದರೆ ಕನ್ನಡದ ಹತ್ತೇ ಸಂಕೇತ. ನಮ್ಮ ಉದ್ದುದ್ದ ಹೆಸರುಗಳು ಅದರೊಳಗೆ ಹಿಡಿಸಲಾರವು.

ಮೇಲಾಗಿ, ಮೇಜಿನ ಕಂಪ್ಯೂಟರು ತಾನು ಯಾವ ಸಂಕೇತಪಟ್ಟಿಯಲ್ಲಿ ಮಾತಾಡುತ್ತಿದ್ದೇನೆಂದು ಡೇಟಾಬೇಸಿಗೆ ತಿಳಿಸುವ ಒಂದು ಗೊತ್ತುಪಾಡು ಉಂಟು. ಆರಕಲ್ಲಿನಲ್ಲಿ ಅದಕ್ಕೆ ಎನ್‌ಎಲ್‌ಎಸ್ ಲ್ಯಾಂಗ್ ಎಂದು ಹೆಸರು. ಸರ್ವರಿನಲ್ಲಿ ಒಂದು ಬಗೆ, ಮೇಜಿನಲ್ಲಿ ಇನ್ನೊಂದು ಬಗೆ ಇದ್ದರೆ ಅದೇ ಸ್ಕ್ರಿಪ್ಟು ಒಂದು ಕಡೆಯಿಂದ ಹೆಸರನ್ನು ಸರಿಯಾಗಿ ಸೇರಿಸುತ್ತದೆ, ಇನ್ನೊಂದು ಕಡೆಯಿಂದ ಸೇರಿಸಿದಾಗ ಹೆಸರಿನ ಜಾಗದಲ್ಲಿ ಪ್ರಶ್ನೆಯ ಗುರುತುಗಳು ಕುಳಿತುಬಿಡುತ್ತವೆ. ಒಮ್ಮೆ ಹಾಗೆ ಕುಳಿತರೆ ಮೂಲ ಅಕ್ಷರ ಮರಳಿ ಬರುವುದಿಲ್ಲ. ತಾರೀಖಿನ ವಿಷಯವೂ ಹೀಗೆಯೇ. ದಿನ ಮೊದಲೋ ತಿಂಗಳು ಮೊದಲೋ ಎಂಬುದು ಇದೇ ಗೊತ್ತುಪಾಡಿಗೆ ತಕ್ಕಂತೆ ಬದಲಾಗಬಹುದಾದ್ದರಿಂದ, ಸ್ಕ್ರಿಪ್ಟಿನೊಳಗೆ ತಾರೀಖಿನ ರೂಪವನ್ನು ಬಿಚ್ಚಿ ಬರೆಯಬೇಕು. ಇದಲ್ಲದೆ ಕೆಲವು ವಿಂಡೋಸ್ ಉಪಕರಣಗಳು ಯುಟಿಎಫ್-೮ ಫೈಲಿನ ತಲೆಯಲ್ಲಿ ಮೂರು ಬೈಟುಗಳ ಅದೃಶ್ಯ ಗುರುತೊಂದನ್ನು ಇಡುತ್ತವೆ. ಯೂನಿಕ್ಸಿನ ಶೆಲ್ಲಿಗೂ ಎಸ್‌ಕ್ಯೂಎಲ್ ಪ್ಲಸ್ಸಿಗೂ ಅದು ಅಪರಿಚಿತ. ಆ ಗುರುತಿಲ್ಲದೆ ಉಳಿಸುವ ಆಯ್ಕೆಯನ್ನೇ ಹಿಡಿಯಬೇಕು.

ನಾಲ್ಕನೆಯದು ಸುತ್ತಲಿನ ವಾತಾವರಣ. ಮನುಷ್ಯರು ಒಳಗೆ ಬಂದು ಕುಳಿತು ಸ್ಕ್ರಿಪ್ಟನ್ನು ನಡೆಸುವಾಗ ಎಲ್ಲ ವಿಳಾಸಗಳೂ ಮೊದಲೇ ಸಿದ್ಧವಾಗಿರುತ್ತವೆ. ರಾತ್ರಿ ಎರಡು ಗಂಟೆಗೆ ಯೂನಿಕ್ಸಿನ ಕ್ರಾನ್ ಎಂಬ ಗಡಿಯಾರದ ಜವಾನ ಅದನ್ನು ನಡೆಸುವಾಗ ಅವು ಯಾವುವೂ ಇರುವುದಿಲ್ಲ. ಹಗಲು ನಡೆದದ್ದು ರಾತ್ರಿ ನಡೆಯದಿರುವುದಕ್ಕೆ ಇದು ಬಹು ಸಾಮಾನ್ಯವಾದ ಕಾರಣ. ಆದ್ದರಿಂದ ಎರಡು ಮನೆಗಳಿಗೂ ಸಾಮಾನ್ಯವಾದ ಎಸ್‌ಕ್ಯೂಎಲ್ ಭಾಗವನ್ನು ಒಂದು ಫೈಲಿನಲ್ಲಿ ಶುದ್ಧವಾಗಿಟ್ಟು, ವಿಳಾಸ ಹೇಳುವ ಭಾಗವನ್ನು ಮಾತ್ರ ಬೇರೆ ಬರೆಯಬೇಕು: ಯೂನಿಕ್ಸಿಗೆ ಒಂದು ಚಿಕ್ಕ ಹೊದಿಕೆ, ವಿಂಡೋಸಿಗೆ ಇನ್ನೊಂದು. ಅಡಿಗೆ ಒಂದೇ, ಬಡಿಸುವ ತಟ್ಟೆ ಬೇರೆ.

ಇಷ್ಟನ್ನು ತಿಳಿದ ಮೇಲೆ, ಆ ಒಂದೇ ಪ್ರತಿಯನ್ನು ಎಲ್ಲಿಡಬೇಕು, ಎರಡು ಮನೆಯವರೂ ಅದನ್ನು ಹೇಗೆ ಮುಟ್ಟಬೇಕು ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಒದಗಿದ ಒಂದು ಸೇತುವೆಯ ಕಥೆ ಕೇಳತಕ್ಕದ್ದು. ೧೯೯೧ರ ಕೊನೆಯಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಆಂಡ್ರೂ ಟ್ರಿಜೆಲ್ ಎಂಬ ಸಂಶೋಧನ ವಿದ್ಯಾರ್ಥಿ ತಮ್ಮ ಮೇಜಿನ ಕಂಪ್ಯೂಟರಿನಿಂದ ಯೂನಿಕ್ಸ್ ಯಂತ್ರದ ಫೈಲುಗಳನ್ನು ಕಾಣಬಯಸಿದರು. ಯಂತ್ರಗಳು ತಂತಿಯಲ್ಲಿ ಆಡುತ್ತಿದ್ದ ಭಾಷೆಯ ವ್ಯಾಕರಣ ಅವರ ಕೈಯಲ್ಲಿರಲಿಲ್ಲ. ಆ ಮಾತುಕತೆಯನ್ನು ಕದ್ದು ಕೇಳಿ, ಏನು ಕೇಳಿದರೆ ಏನು ಉತ್ತರ ಬರುತ್ತದೆಂದು ಗುರುತಿಸುತ್ತ, ಅದೇ ಭಾಷೆಯಾಡುವ ಪ್ರೋಗ್ರಾಮನ್ನು ಯೂನಿಕ್ಸಿಗಾಗಿ ಬರೆದರು. ಈ ವಿಧಾನವನ್ನು ಅವರು ಮುಂದೆ ಒಂದು ಹೋಟೆಲಿಗೆ ಹೋಲಿಸಿದ್ದಾರೆ: ಭಾಷೆ ಬಾರದ ಊರಿನ ಹೋಟೆಲಿನಲ್ಲಿ ಕುಳಿತು, ಗಿರಾಕಿ ಏನು ಹೇಳಿದಾಗ ಮಾಣಿ ಏನು ತಂದನೆಂದು ನೋಡುತ್ತ ಭಾಷೆ ಕಲಿಯುವ ಹಾಗೆ. ಈ ಹೋಲಿಕೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ನಮ್ಮಲ್ಲಿ ಬಹುಮಂದಿ ಕಲಿತದ್ದು ಹಾಗೆಯೇ.

ಆ ಪ್ರೋಗ್ರಾಮಿನ ಹೆಸರು ಸಾಂಬಾ. ಆ ಯಂತ್ರಭಾಷೆಯ ಹೆಸರು ಎಸ್‌ಎಂಬಿ. ಆ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಮಾತನ್ನು ಯೂನಿಕ್ಸಿನ ಪದಪಟ್ಟಿಯಲ್ಲಿ ಹುಡುಕಿದಾಗ ಈ ಹೆಸರು ಸಿಕ್ಕಿತು. ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದು. ಆದರೆ ವ್ಯಾಕರಣ ಗುಟ್ಟಾಗಿದ್ದುದರಿಂದ ಅದನ್ನು ಬೆಳೆಸುವವರ ಕಷ್ಟ ತಪ್ಪಿರಲಿಲ್ಲ. ೨೦೦೪ರ ಮಾರ್ಚಿಯಲ್ಲಿ ಯೂರೋಪಿಯನ್ ಆಯೋಗವು ಮೈಕ್ರೋಸಾಫ್ಟಿಗೆ ೪೯ ಕೋಟಿ ೭೦ ಲಕ್ಷ ಯೂರೋಗಳಿಗೂ ಮಿಕ್ಕಿದ ದಂಡ ವಿಧಿಸಿ, ಬೇರೆಯವರ ಸರ್ವರುಗಳೊಡನೆ ಹೊಂದಿಕೊಳ್ಳಲು ಬೇಕಾದ ವಿವರಗಳನ್ನು ಬಹಿರಂಗಪಡಿಸಬೇಕೆಂದು ಆಜ್ಞಾಪಿಸಿತು. ೨೦೦೭ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆ ತೀರ್ಪನ್ನು ಮುಖ್ಯವಾಗಿ ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾದವರ ಪರವಾಗಿ ಒಮ್ಮೆ ಹತ್ತು ಸಾವಿರ ಯೂರೋ ಕೊಟ್ಟು ಆ ವಿವರಗಳನ್ನು ಪಡೆದರು. ಎರಡು ಮನೆಗಳ ನಡುವಣ ಬಾಗಿಲು ತಾನಾಗಿ ತೆರೆಯಲಿಲ್ಲ. ಕೇಳಿ ಕಲಿತವರೂ ಹೋರಾಡಿದವರೂ ಅದನ್ನು ತೆರೆದರು.

ಸಾಂಬಾ ಇದ್ದಲ್ಲಿ ಕೆಲಸ ಹೀಗೆ ನಡೆಯುತ್ತದೆ. ಯೂನಿಕ್ಸ್ ಸರ್ವರಿನ ಒಂದು ಫೋಲ್ಡರಿನಲ್ಲಿ ಸ್ಕ್ರಿಪ್ಟುಗಳೆಲ್ಲ ಇರುತ್ತವೆ. ಸಾಂಬಾದ ಗೊತ್ತುಪಾಡಿನ ಫೈಲಿನಲ್ಲಿ ಆ ಫೋಲ್ಡರಿಗೆ ಒಂದು ಹೆಸರು ಕೊಡುತ್ತಾರೆ. ವಿಂಡೋಸಿನವರು ಅದನ್ನು ತಮ್ಮ ಯಂತ್ರದ ಇನ್ನೊಂದು ಡ್ರೈವಿನಂತೆ ಜೋಡಿಸಿಕೊಂಡು, ಟೋಡಿನಿಂದಲೋ ಎಸ್‌ಕ್ಯೂಎಲ್ ಡೆವಲಪರಿನಿಂದಲೋ ನೇರವಾಗಿ ತೆರೆಯುತ್ತಾರೆ. ನಮ್ಮ ವಾಚನಾಲಯದ ಮೇಜಿನ ಮೇಲೆ ಪತ್ರಿಕೆಯ ಒಂದೇ ಪ್ರತಿ ಇದ್ದು ಎಲ್ಲರೂ ಬಂದು ಓದುವುದಿಲ್ಲವೆ? ಅದೇ ವ್ಯವಸ್ಥೆ. ಎಲ್ಲರಿಗೂ ಓದುವ ಹಕ್ಕು, ತಿದ್ದುವ ಹಕ್ಕು ಹೆಸರಿಸಿದ ಕೆಲವರಿಗೆ ಮಾತ್ರ ಎಂದು ಸಾಂಬಾದಲ್ಲಿ ಕಟ್ಟುಮಾಡಬಹುದು; ಮಾಡಲೇಬೇಕು.

ಇಲ್ಲಿ ಎಚ್ಚರಿಕೆಯ ಮಾತು ಕೆಲವಿವೆ. ಮೊದಲನೆಯದಾಗಿ, ಎಸ್‌ಎಂಬಿಯ ಬಹು ಹಳೆಯ ಮೊದಲ ಆವೃತ್ತಿಯನ್ನು ಮುಚ್ಚಿಬಿಡಬೇಕು. ೨೦೧೭ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ತಲ್ಲಣಗೊಳಿಸಿದ ವಾನಾಕ್ರೈ ಎಂಬ ಪಿಡುಗು ವಿಂಡೋಸಿನಲ್ಲಿ ಆ ಹಳೆಯ ಬಾಗಿಲಿನಿಂದಲೇ ನುಗ್ಗಿತು. ಅದಕ್ಕೆ ತೇಪೆಯನ್ನು ಮೈಕ್ರೋಸಾಫ್ಟು ಮಾರ್ಚಿಯಲ್ಲಿಯೇ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಅದೇ ತಿಂಗಳು ಸಾಂಬಾದಲ್ಲಿಯೂ ಒಂದು ದೊಡ್ಡ ದೋಷ ಕಂಡುಬಂದು ತಿದ್ದಲ್ಪಟ್ಟಿತು. ಯಾವ ಮನೆಯವರೂ ತಮ್ಮ ಬಾಗಿಲು ಭದ್ರವೆಂದು ಮೈಮರೆಯುವಂತಿಲ್ಲ.

ಎರಡನೆಯದಾಗಿ, ಹಂಚಿಕೊಂಡ ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡು ಬರೆಯಬಾರದು. ಆರಕಲ್ಲಿನಲ್ಲಿ ವಾಲೆಟ್ ಎಂಬ ಬೀಗದ ಪೆಟ್ಟಿಗೆಯೂ ಪೋಸ್ಟ್‌ಗ್ರೆಸ್ಸಿನಲ್ಲಿ ಒಡೆಯರು ಮಾತ್ರ ಓದಬಹುದಾದ ಪಾಸ್‌ವರ್ಡ್ ಫೈಲೂ ಇದಕ್ಕಾಗಿಯೇ ಇವೆ. ಮೂರನೆಯದಾಗಿ, ರಾತ್ರಿಯ ಕಾಪುಪ್ರತಿಯಂಥ ಮುಖ್ಯ ಕೆಲಸ ಬೇರೆ ಯಂತ್ರದ ಹಂಚಿದ ಫೋಲ್ಡರನ್ನು ನೆಚ್ಚಿರಬಾರದು. ಆ ಹೊತ್ತಿನಲ್ಲಿ ನೆಟ್‌ವರ್ಕು ಕೈಕೊಟ್ಟರೆ ಸ್ಕ್ರಿಪ್ಟೇ ಸಿಕ್ಕುವುದಿಲ್ಲ.

ಹಾಗಾದರೆ ಮತ್ತೆ ಎರಡು ಪ್ರತಿಯಾಯಿತಲ್ಲ ಎನ್ನಬಹುದು. ಇಲ್ಲಿಯೇ ಗಿಟ್ ಎಂಬ ಉಪಕರಣ ನೆರವಿಗೆ ಬರುತ್ತದೆ. ೨೦೦೫ರಲ್ಲಿ ಟೋರ್ವಾಲ್ಡ್ಸ್ ಅವರೇ ಇದನ್ನು ಆರಂಭಿಸಿದರು. ಇದರಲ್ಲಿ ಒಂದು ಮೂಲ ಉಗ್ರಾಣವನ್ನು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಪ್ರತಿ ತಿದ್ದುಪಡಿಯನ್ನೂ ಮಾಡಿದವರು ಯಾರು, ಯಾವಾಗ, ಏಕೆ ಎಂಬುದು ಅದರಲ್ಲಿ ದಾಖಲಾಗುತ್ತದೆ. ಸರ್ವರುಗಳೂ ಮೇಜಿನ ಯಂತ್ರಗಳೂ ಅಲ್ಲಿಂದಲೇ ಪ್ರತಿ ಪಡೆಯುತ್ತವೆ. ತಮ್ಮದು ಮೂಲಕ್ಕಿಂತ ಹಿಂದೆ ಬಿದ್ದಿದೆಯೋ ಎಂದು ಒಂದು ಆಜ್ಞೆಯಿಂದ ತಿಳಿಯಬಹುದು. ಸ್ಕ್ರಿಪ್ಟುಗಳಿಗೆಲ್ಲ ಯೂನಿಕ್ಸಿನ ಸಾಲುಕೊನೆಯೇ ಇರಲಿ ಎಂದು ಅದರ ಗೊತ್ತುಪಾಡಿನ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಆ ತಂಟೆಯೂ ಮುಗಿಯಿತು. ನೋಡಲು ಬಳಸುವ ಸಣ್ಣ ಸ್ಕ್ರಿಪ್ಟುಗಳಿಗೆ ಸಾಂಬಾ ಸಾಕು. ಅಳಿಸುವ, ಬದಲಿಸುವ, ಕಾಪುಪ್ರತಿ ತೆಗೆಯುವ ಸ್ಕ್ರಿಪ್ಟುಗಳಿಗೆ ಗಿಟ್ ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಕೊನೆಗೆ, ತೆಗೆದ ಕಾಪುಪ್ರತಿಯನ್ನು ಆಗಾಗ ಬೇರೊಂದು ಯಂತ್ರದಲ್ಲಿ ಮರಳಿ ತುಂಬಿಸಿ ನೋಡಬೇಕು. ಇಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾದೀತು.

ಇಷ್ಟೆಲ್ಲ ಸುಲಭವಾಗಿರುವಾಗ ಅನೇಕ ಆಫೀಸುಗಳಲ್ಲಿ ಇದು ನಡೆಯದಿರಲು ಕಾರಣವೇನು? ಯಂತ್ರದ ಅಡ್ಡಿಯಲ್ಲ, ಮನಸ್ಸಿನ ಅಡ್ಡಿ. ನಮ್ಮ ತರುಣರಲ್ಲಿ ಅನೇಕರು ಕಾಂಟ್ರಾಕ್ಟಿನ ಮೇಲೆ ದುಡಿಯುವವರು. ಸ್ಕ್ರಿಪ್ಟುಗಳು ನಮ್ಮ ಕೈಯಲ್ಲಿರುವವರೆಗೆ ನಮಗೆ ಬೆಲೆ, ಎಲ್ಲರಿಗೂ ಕೊಟ್ಟರೆ ನಾಳೆ ನಮ್ಮನ್ನು ಕೇಳುವವರಾರು ಎಂಬ ಭಯ ಅವರಲ್ಲಿದೆ. ಈ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಪರಊರಿನಲ್ಲಿ ಬಾಡಿಗೆ ಕಟ್ಟಿ, ಊರಿಗೆ ಹಣ ಕಳಿಸಿ ಬದುಕುವವರಿಗೆ ಕೆಲಸದ ಚಿಂತೆ ಎಷ್ಟೆಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತಿರುಗಿಸಿ ನೋಡಬೇಕು. ಸ್ಕ್ರಿಪ್ಟು ಒಬ್ಬರ ಮೇಜಿನಲ್ಲಿ ಮಾತ್ರ ಇದ್ದರೆ ನಡುರಾತ್ರಿ ಕರೆ ಬರುವುದು ಅವರಿಗೇ. ಊರಿನ ಜಾತ್ರೆಗೆ, ತಂಗಿಯ ಮದುವೆಗೆ, ತಂದೆಯ ಕಾಯಿಲೆಗೆ ರಜ ಸಿಕ್ಕದಿರುವುದೂ ಅವರಿಗೇ. ತಪ್ಪಾದಾಗ ಯಾವ ಪ್ರತಿ ನಡೆಯಿತು, ಯಾರು ತಿದ್ದಿದ್ದರು ಎಂಬ ದಾಖಲೆ ಇಲ್ಲದಿದ್ದರೆ ದೂರು ಹೋಗಿ ಕೂರುವುದು ಪಾಳಿಯಲ್ಲಿದ್ದ ಚಿಕ್ಕವರ ತಲೆಯ ಮೇಲೆ. ಆ ತೊಂಬತ್ತು ದಿನದ ಹುಡುಗನನ್ನು ನೆನಪಿಸಿಕೊಳ್ಳಿ. ಒಂದೇ ಪ್ರತಿ ಇದ್ದು, ಅದರ ತಲೆಯಲ್ಲಿ ಬರೆದವರ ಹೆಸರು, ತಾರೀಖು, ಉದ್ದೇಶ ಇದ್ದಿದ್ದರೆ ದಾಖಲೆಗಳೂ ಉಳಿಯುತ್ತಿದ್ದವು, ಅವನ ಕೆಲಸವೂ ಉಳಿಯುತ್ತಿತ್ತು. ಗಿಟ್ಟಿನ ದಾಖಲೆಯಲ್ಲಿ ದುಡಿದವರ ಹೆಸರು ನಿಲ್ಲುತ್ತದೆ; ಬಚ್ಚಿಟ್ಟ ಫೋಲ್ಡರಿನಲ್ಲಿ ಯಾರ ಹೆಸರೂ ನಿಲ್ಲುವುದಿಲ್ಲ. ಇನ್ನು ಬೆಲೆಯ ಮಾತು. ಸ್ಕ್ರಿಪ್ಟನ್ನು ಯಾರೂ ನಕಲು ಮಾಡಬಹುದು; ಅದು ಏಕೆ ಹಾಗಿದೆ, ಯಾವಾಗ ನಡೆಸಬಾರದು ಎಂಬ ತಿಳಿವಳಿಕೆಯನ್ನು ನಕಲು ಮಾಡಲಾಗದು. ಬೆಲೆ ಇರುವುದು ಅದಕ್ಕೆ.

ಆದ್ದರಿಂದ ಇಲ್ಲಿರುವ ತರುಣ ತರುಣಿಯರಲ್ಲಿ ನಮ್ಮ ಕೋರಿಕೆ ಇಷ್ಟೆ. ನಾಳೆ ಆಫೀಸಿಗೆ ಹೋದಾಗ, ತಮ್ಮ ಗುಂಪಿನವರು ಹೆಚ್ಚಾಗಿ ಬಳಸುವ ಹತ್ತು ಸ್ಕ್ರಿಪ್ಟುಗಳ ಎಲ್ಲ ಪ್ರತಿಗಳನ್ನೂ ಹುಡುಕಿ ಪಕ್ಕಪಕ್ಕಕ್ಕಿಟ್ಟು ಹೋಲಿಸಿ. ಎಲ್ಲವೂ ಒಂದೇ ಆಗಿದ್ದರೆ ಸಂತೋಷ. ಬೇರೆಬೇರೆಯಾಗ���ದ್ದರೆ, ಯಾವುದು ಸರಿ ಎಂಬುದನ್ನು ಸಹೋದ್ಯೋಗಿಗಳೊಡನೆ ಕುಳಿತು ತೀರ್ಮಾನಿಸಿ, ಮೇಲಿನವರ ಒಪ್ಪಿಗೆ ಪಡೆದು ಆ ಒಂದನ್ನೇ ಉಳಿಸಿ. ಉಳಿದದ್ದು ಅಲ್ಲಿಂದ ತಾನಾಗಿ ಮುಂದುವರಿಯುತ್ತದೆ. ಇದರಲ್ಲಿ ಸಂದೇಹ ಬಂದವರು ಭಾನುವಾರ ವಾಚನಾಲಯಕ್ಕೆ ಬಂದರೆ, ತಿಳಿದವರು ತಿಳಿಯದವರಿಗೆ ಹೇಳಿಕೊಡುವ ಏರ್ಪಾಟನ್ನು ನಾವೆಲ್ಲ ಸೇರಿ ಮಾಡೋಣ.